ನಾಲೆಗೆ ಎಸೆದ ಪತ್ರಾ

ಮುಂಬಯಿ ಹತ್ತಿರದ ಕಲ್ಯಾಣದ ಪೂರ್ವಕ್ಕೆ, ಗುಡ್ಡದ ಬುಡದ ಚಾಳಿನಲ್ಲಿ ನಮ್ಮದೊಂದು ಕೋಣೆ. ಇಟ್ಟಂಗಿಯ ಗೋಡೆ, ಮೇಲೆ ಮಾಡಿಗೆ ಸಿಮೆಂಟಿನ ಪತ್ರಾ, ಅಂದರೆ ಶೀಟು. ಗಂಡ ಸತ್ತ ಮೇಲೆ ನಾನು ಉಲ್ಹಾಸನಗರದ ಅಂಗಡಿಯೊಂದಕ್ಕೆ ಪರಕಾರ, ಅಂದರೆ ಲಂಗ, ಹೊಲಿದು ಮಗಳನ್ನು ಓದಿಸುತ್ತಿದ್ದೆ. ಕೋಣೆಗೆ ಸಾಲ ಕೊಟ್ಟ ಬ್ಯಾಂಕಿನವರೇ ಮನೆಗೆ ವಿಮೆ ಮಾಡಿಸಿದ್ದರು. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡವನ್ನೇ ಅಕ್ಷರ ಕೂಡಿಸಿ ಓದುವವಳು. ಬಾಗಿಲೊಳಗೆ ಏನು ಸುಟ್ಟರೂ ವಿಮೆಯವರು ಕೊಡುತ್ತಾರೆ ಎಂದು ತಿಳಿದು ಅದನ್ನು ಟ್ರಂಕಿನ ತಳಕ್ಕೆ ಹಾಕಿದ್ದೆ.

ತೊಂಬತ್ತರ ದಶಕದ ಒಂದು ಮೇ ತಿಂಗಳು. ಮಧ್ಯಾಹ್ನ ನಾನು ನಲ್ಲಿಯ ಹತ್ತಿರ ಇದ್ದಾಗ ಹೊಲಿಗೆ ಮಷೀನಿನ ಮೋಟಾರಿನ ವಯರು ಕಿಡಿ ಹಾರಿಸಿತು. ಬಟ್ಟೆಯ ಗಂಟು ಹತ್ತಿಕೊಂಡು ಉರಿ ಮಾಡಿನ ಮರದ ತೊಲೆಗೆ ಏರಿತು. ಪತ್ರಾ ಸಿಡಿದು ಬಿತ್ತು. ಚಾಳಿನವರು ನೀರು ಹಾಕುವಷ್ಟರಲ್ಲಿ ತಲೆಯ ಮೇಲೆ ಆಕಾಶ. ಮಳೆಗೆ ಹದಿನೈದು ದಿನವೂ ಇರಲಿಲ್ಲ. ಮಾಡು ಕಟ್ಟಿಸಲು ಆ ವಿಮೆಯ ಕಾಗದ ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ.

ವಿಜಯಪುರದಲ್ಲಿ ನಮ್ಮ ಮನೆತನದವರು ಸುಟ್ಟದ್ದನ್ನು ದೀಪ ಹಚ್ಚುವ ಹೊತ್ತಿಗೆ ಒಳಗೆ ಉಳಿಸುವುದಿಲ್ಲ. ತೊಲೆ, ಪತ್ರಾದ ಚೂರು, ಕರಕಲಾದ ಹಾಸಿಗೆ ಎಲ್ಲವನ್ನೂ ಹಿಂದಿನ ಕೊಳಚೆ ನಾಲೆಗೆ ಎಸೆದೆ. ಮೇಲೆ ತಾಡಪತ್ರಿ ಕಟ್ಟಿದೆವು. ಮರುದಿನ ಬ್ಯಾಂಕಿಗೆ ಹೋಗಿ ತಿಳಿಸಿ ಬಂದು ಗೋಡೆಗೆ ಸುಣ್ಣ ಬಳಿದೆ. ಮಷೀನನ್ನು ಮಾತ್ರ ಎಸೆಯಲಿಲ್ಲ. ವರ್ಷವರ್ಷ ದಸರೆಯ ಖಂಡೇ ಪೂಜೆಗೆ ಕುಂಕುಮ ಹಚ್ಚಿದ್ದು ಅದು. ಮೂಲೆಯಲ್ಲಿಟ್ಟು ಅರಿವೆ ಹೊದಿಸಿದೆ.

ನಾಲ್ಕನೆಯ ದಿನ ವಿಮೆಯ ಸರ್ವೇಯರ್ ಬಂದ. ಉಡುಪಿ ಕಡೆಯವನು.

“ಅಮ್ಮ, ಸುಟ್ಟದ್ದು ಎಲ್ಲಿ ಉಂಟು?”

“ಸುಟ್ಟದ್ದ ಮನ್ಯಾಗ ಇಟ್ಕೊಂಡು ದೀಪಾ ಹಚ್ಚತಾರೇನಪಾ? ನಾಲಾದಾಗ ಒಗದ್ನಿ.”

“ಸುಣ್ಣ ಬೇರೆ ಬಳಿದಿದ್ದೀರಿ. ಮದುವೆ ಮನೆ ಹಾಗೆ ಉಂಟು. ನಾನು ಯಾವುದರ ಫೋಟೋ ತೆಗೆಯುವುದು?”

ಅರಿವೆ ಎಳೆದು ಮಷೀನು ತೋರಿಸಿದೆ. “ಇದರದ ತಗಿ. ಇದರ ಮ್ಯಾಲ ನಮ್ಮ ಊಟ.”

“ಅದೇ ತೊಂದರೆ. ಇದು ಮನೆಯ ಪಾಲಿಸಿ. ದುಡಿಮೆಯ ಸಾಮಾನು ಇದರಲ್ಲಿ ಬರುವುದಿಲ್ಲ, ಅಂಗಡಿಯವರ ಬಟ್ಟೆಯೂ ಇಲ್ಲ. ಮಾಡು, ತೊಲೆ, ನಿಮ್ಮ ಹಾಸಿಗೆ, ಅದು ಬರ್ತದೆ. ನೀವು ಬಿಸಾಡಿದ್ದು ಅದನ್ನೇ.”

ಮಗಳು ಟ್ರಂಕಿನ ಕಾಗದ ತೆಗೆದು ಓದಿ, ಅವನು ಹೇಳುವುದು ಸರಿ ಎನ್ನುವಂತೆ, “ಸಹಿ ಬೋಲ್ ರಹೇ ಹೈ, ಅವ್ವಾ,” ಅಂದಳು. ಸಿಟ್ಟು ಬಂದರೆ ಅವಳಿಗೆ ಹಿಂದಿಯೇ.

“ಎರಡ ವರ್ಷ ಟ್ರಂಕಿನ್ಯಾಗಿತ್ತು. ಆಗ ಓದಾಕ ಏನಾಗಿತ್ತ ನಿನಗ?”

“ತೂನೆ ಕಭೀ ದಿಯಾ?”

ಕೊಟ್ಟಿರಲಿಲ್ಲ.

“ಚೂರಾದರೂ ಇದ್ದರೆ ಬರೆಯುತ್ತೇನೆ,” ಅಂದ ಸರ್ವೇಯರ್. “ಚಾ ಕುಡಿದು ಬರ್ತೇನೆ. ಅಷ್ಟರಲ್ಲಿ ನೋಡಿ.”

ಕಚ್ಚೆ ಹಾಕಿ ನಾಲೆಗೆ ಇಳಿದೆ. ಹೊಲಸು ಮೊಣಕಾಲಿಗೆ ಬಂತು. ಪಕ್ಕದ ಕೋಣೆಯ ಕಲಬುರಗಿಯವಳು ಮೇಲೆ ನಿಂತು, “ಬಂಗಾರ ಬಿದ್ದಾದೇನಕ್ಕಾ?” ಅಂದಳು.

“ಮನೀನ ಬಿದ್ದೈತಿ. ಇಳದು ಹಿಡಿ.”

ಅವಳು ನಕ್ಕಳು, ಇಳಿಯಲಿಲ್ಲ. ಮಗಳು ಇಳಿದಳು. ಪತ್ರಾದ ಆರು ಚೂರು, ಅರ್ಧ ಸುಟ್ಟ ಒಂದು ತೊಲೆ ಸಿಕ್ಕವು. ಹಾಸಿಗೆ ಸಿಗಲಿಲ್ಲ. ಹೊಲಸು ಸೋರುತ್ತಿದ್ದ ಅವನ್ನು ಸುಣ್ಣದ ಗೋಡೆಗೆ ಆನಿಸಿಟ್ಟೆ. ಸರ್ವೇಯರ್ ಮೂಗು ಮುಚ್ಚಿಕೊಂಡು ಫೋಟೋ ತೆಗೆದ. ಮಳೆಗೆ ಮುಂಚೆ ದುಡ್ಡು ಬರುತ್ತದೆಯೇ ಎಂದು ಕೇಳಿದೆ.

“ಅದು ಆಫೀಸಿನವರಿಗೆ ಬಿಟ್ಟದ್ದು, ಅಮ್ಮ. ಅವರು ನೋಡಲಿಕ್ಕೆ ಬಂದರೂ ಬರಬಹುದು.”

ಸಂಜೆ ಮಗಳು ಚೂರುಗಳನ್ನು ಹೊರಗಿಡಲು ಎತ್ತಿದಳು. ಬೇಡ ಅಂದೆ. ಸುಟ್ಟ ತೊಲೆಯ ಪಕ್ಕದಲ್ಲೇ ದೀಪ ಹಚ್ಚಿದೆ. ಗಾಳಿಗೆ ತಾಡಪತ್ರಿ ಬಡಿದುಕೊಳ್ಳುತ್ತಿತ್ತು. ದೀಪ ಎರಡು ಸಲ ಆರಿತು.