ಮುಚ್ಚಿಡದ ಕೈ

ಬೋರ್ಡಿನ ಎಡತುದಿಯಲ್ಲಿ ಅಂಗೈಯಷ್ಟು ದೊಡ್ಡದಾಗಿ ಶುರುವಾಗುತ್ತಿದ್ದ ಅವರ ಅಕ್ಷರ ಬಲತುದಿ ಮುಟ್ಟುವ ಹೊತ್ತಿಗೆ ಇರುವೆಸಾಲಿನಷ್ಟು ಸಣ್ಣದಾಗಿರುತ್ತಿತ್ತು. ಬರೆಯುವುದನ್ನು ನಿಲ್ಲಿಸಿದರೆ ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳನ್ನು ಉಜ್ಜತೊಡಗುತ್ತಿತ್ತು, ಕಾಣದ ಗುಳಿಗೆಯೊಂದನ್ನು ಉರುಳಿಸುತ್ತಿರುವ ಹಾಗೆ.

ಶಿರಸಿಯಲ್ಲಿ ನಾನು ಪಿಯುಸಿ ಓದುತ್ತಿದ್ದಾಗ ಅವರು ನಮ್ಮ ಬಯಾಲಜಿ ಮೇಡಂ. ದಾಸನಕೊಪ್ಪದ ಕಡೆಯವರು. ಮಾತು ಧಾರವಾಡದ ಕಡೆಗೆ ವಾಲುತ್ತಿತ್ತು. ತಪ್ಪು ಉತ್ತರ ಹೇಳಿದವರಿಗೆ ಬೈಯುತ್ತಿರಲಿಲ್ಲ, "ಹಂಗಂತ ನಿನಗ ಯಾರು ಹೇಳಿದ್ರು?" ಎಂದು ಕೇಳುತ್ತಿದ್ದರು. ಗಾಬರಿಯಾಗುತ್ತಿತ್ತು ನಮಗೆ, ಏಕೆಂದರೆ ಅವರಿಗೆ ನಿಜವಾಗಿಯೂ ಅದಕ್ಕೆ ಉತ್ತರ ಬೇಕಿರುತ್ತಿತ್ತು.

ಅಕ್ಷರ ಕಾಣುವುದಿಲ್ಲ, ಮೇಡಂ ಕೈ ನೋಡಿದರೆ ಮಕ್ಕಳ ಗಮನ ಪಾಠದ ಮೇಲೆ ನಿಲ್ಲುವುದಿಲ್ಲ ಎಂದು ಯಾರೋ ಪಾಲಕರು ದೂರು ಕೊಟ್ಟರು. ಮರುದಿನ ಅವರು ಪುಸ್ತಕವಿಲ್ಲದೆ ತರಗತಿಗೆ ಬಂದರು. ಮಡಿಲಲ್ಲಿ ಅಡಗಿಸುತ್ತಿದ್ದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟರು. ಅದು ನಡುಗುತ್ತಿತ್ತು.

"ನೋಡ್ರಿ. ಕದ್ದು ನೋಡಬ್ಯಾಡ್ರಿ, ಕಣ್ಣು ತುಂಬ ನೋಡ್ರಿ. ನಿನ್ನೆ ಪ್ರಿನ್ಸಿಪಾಲರು ನನಗ ಪಾಠ ಬಿಟ್ಟು ಲೈಬ್ರರಿ ಕೆಲಸಕ್ಕ ಹೋಗ್ರಿ ಅಂದ್ರು. ನಾ ಏನಂದೆ ಗೊತ್ತೇನು? ಸರ್, ನಡಗೋದು ಕೈ. ನಾಲಿಗಿ ಅಲ್ಲ, ತಲಿನೂ ಅಲ್ಲ ಅಂದೆ. ಇವತ್ತಿನ ಪಾಠ ಈ ಕೈದು. ಪರೀಕ್ಷಿಗೆ ಬರಂಗಿಲ್ಲ. ಬರಕೋಬ್ಯಾಡ್ರಿ, ಕೇಳ್ರಿ."

ಬೋರ್ಡಿನ ಮೇಲೆ ಮಿದುಳಿನ ಚಿತ್ರ ಬರೆದರು. ನಡುವೆ, ಮಧ್ಯಮಿದುಳಿನಲ್ಲಿ, ಸೀಮೆಸುಣ್ಣವನ್ನು ಅಡ್ಡಹಿಡಿದು ಒಂದು ಪುಟ್ಟ ಪಟ್ಟೆ ಎಳೆದರು. ನಿಜವಾದ ಮಿದುಳಿನಲ್ಲಿ ಆ ಜಾಗ ಕಪ್ಪಗಿರುತ್ತದೆ ಎಂದರು. ನಾವು ತಿನ್ನುವ ಬೇಳೆಕಾಳು, ಹಾಲಿನಿಂದ ಬರುವ ಟೈರೋಸಿನ್ ಎಂಬ ವಸ್ತು ಅಲ್ಲಿನ ಕೋಶಗಳೊಳಗೆ ಹೋಗುತ್ತದೆ. ಒಂದು ಕಿಣ್ವ ಅದನ್ನು ಡೋಪಾ ಮಾಡುತ್ತದೆ, ಇನ್ನೊಂದು ಕಿಣ್ವ ಡೋಪಾವನ್ನು ಡೋಪಮಿನ್ ಮಾಡುತ್ತದೆ. ಕೋಶ ಅದನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡು, ಉದ್ದನೆಯ ತನ್ನ ಎಳೆಯ ತುದಿಯಲ್ಲಿ ಬಿಡುತ್ತದೆ. ಕೈ ಎತ್ತಬೇಕು, ಹೆಜ್ಜೆ ಇಡಬೇಕು ಎಂದುಕೊಂಡಾಗ ಆ ಚಲನೆ ಸಲೀಸಾಗಿ ಶುರುವಾಗಲು ಅದು ಬೇಕು.

"ನನ್ನ ತಲಿಯೊಳಗ ಈ ಕೋಶ ಬಾಳಷ್ಟು ಸತ್ತಾವ. ಯಾಕಂತ ಯಾರಿಗೂ ಪೂರಾ ಗೊತ್ತಿಲ್ಲ. ಇದಕ್ಕ ಪಾರ್ಕಿನ್ಸನ್ ಅಂತಾರ. ಉಳದಾವು ಇನ್ನೂ ದುಡ್ಯಾಕತ್ತಾವ. ಅವು ದುಡಿಯೂ ತನಕ ನಾ ಯಾಕ ಲೈಬ್ರರಿಗೆ ಹೋಗ್ಲಿ?"

"ಹಾಗಾದ್ರೆ ಡೋಪಮಿನ್ನೇ ಗುಳಿಗೆ ಮಾಡಿ ನುಂಗಬಹುದಲ್ಲ ಮೇಡಂ?" ಎಂದು ಒಬ್ಬಳು ಕೇಳಿದಳು.

ಅವರ ಮುಖ ಅರಳಲಿಲ್ಲ, ಆದರೆ ದನಿ ಅರಳಿತು. ರಕ್ತದಿಂದ ಮಿದುಳಿಗೆ ಹೋಗುವಲ್ಲಿ ಒಂದು ತಡೆ ಇದೆ, ಡೋಪಮಿನ್ ಅದನ್ನು ದಾಟಲಾರದು, ಅದರ ಹಿಂದಿನ ರೂಪವಾದ ಡೋಪಾ ದಾಟುತ್ತದೆ ಎಂದರು. ಅದಕ್ಕೇ ಅದನ್ನು ಗುಳಿಗೆಯಾಗಿ ಕೊಡುತ್ತಾರೆ, ಒಳಗೆ ಹೋದ ಮೇಲೆ ಅದು ಡೋಪಮಿನ್ ಆಗುತ್ತದೆ. ಕೊನೆಗೆ ಹೇಳಿದರು: "ಎಲ್ಲಾರಿಗೂ ನಡುಕಾನs ಬರತೈತಿ ಅನಕೋಬ್ಯಾಡ್ರಿ. ಕೆಲವ್ರಿಗೆ ವಾಸನಿ ಗೊತ್ತಾಗಂಗಿಲ್ಲ. ಭುಜ ಹಿಡಕೊಂತೈತಿ. ನಡೀಬೇಕಾದ್ರ ಒಂದು ಕೈ ಬೀಸಂಗಿಲ್ಲ. ಮುಖದಾಗ ನಗಿ ಮೂಡಂಗಿಲ್ಲ, ಮಂದಿ ಸೊಕ್ಕು ಅಂತಾರ."

ಆ ಸಂಜೆ ನಮ್ಮೂರು ಭೈರುಂಬೆಯಲ್ಲಿ ಬಸ್ಸಿಳಿದಾಗ ಆಯಿ, ನನ್ನ ಅಮ್ಮ, ಹಾಲಿನ ಡೈರಿಯಿಂದ ಬರುತ್ತಿದ್ದಳು. ಅವಳ ಬಲಗೈ ಬೀಸುತ್ತಿತ್ತು. ಎಡಗೈ ಮೈಗೆ ಅಂಟಿಕೊಂಡಿತ್ತು. ವರ್ಷದಿಂದ ಅವಳಿಗೆ ಭುಜನೋವು, ಎಣ್ಣೆ ಹಚ್ಚಿ ಹಚ್ಚಿ ಸಾಕಾಗಿತ್ತು. ಹಾಲು ಸೀದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮಾತಾಡಿಸಿದರೆ ನಗುವುದೂ ಇಲ್ಲ, ಏನು ಬಿಗುಮಾನವೋ ಎಂದು ನೆಂಟರು ನಮ್ಮ ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದರು. ನಾನು ದಾರಿಯಲ್ಲೇ ನಿಂತುಬಿಟ್ಟೆ.

ಮೇಡಂಗೆ ಹೇಳಿದೆ. ಭಾನುವಾರ ಅವರು ಬಸ್ಸು ಹತ್ತಿ ನಮ್ಮ ಮನೆಗೇ ಬಂದರು. ಆಯಿಯ ಕೈಹಿಡಿದು ಮೊಣಕೈಯನ್ನು ಮಡಚಿ ಬಿಡಿಸಿ ನೋಡಿದರು.

"ನಾ ಡಾಕ್ಟರಲ್ಲರಿ ಅಕ್ಕಾರ. ಆದ್ರ ಹುಬ್ಬಳ್ಳಿಯೊಳಗ ನರದ ಡಾಕ್ಟರಿಗೆ ಒಮ್ಮೆ ತೋರಸ್ರಿ."

"ನಂಗೆ ಎಂತೂ ಆಗಲಿಲ್ಲ ಮೇಡಂ," ಎಂದಳು ಆಯಿ. "ಊರಿಗೆ ಗೊತ್ತಾದ್ರೆ ನಾಳೆ ಈ ಕೂಸಿನ ಮದುವೆಗೆ ತೊಂದರೆ."

"ಇಂಥಾದಕ್ಕ ಬಿಟ್ಟುಹೋಗೋ ವರ ಬಿಟ್ಟs ಹೋಗ್ಲಿ ಬಿಡ್ರಿ! ನೀವೇನು ಕದ್ದೀರೇನು, ಮುಚ್ಚಿಡಾಕ?"

ಆಯಿ ನನ್ನ ಕಡೆ ತಿರುಗಿ, ನಮ್ಮ ಮನೆಮಾತಿನಲ್ಲಿ ಮೆಲ್ಲಗೆ ಹೇಳಿದಳು: "ಯಂಗೆ ಒಳಗೆ ನೆಗೆ ಬತ್ತು ಕೂಸೇ. ಮೋರೆಗೆ ಬತ್ತಿಲ್ಲೆ."

ಒಳಗೆ ನಗು ಬರುತ್ತದೆ, ಮುಖಕ್ಕೆ ಬರುವುದಿಲ್ಲ ಎಂದು ಮೇಡಂಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು.

ಹುಬ್ಬಳ್ಳಿಗೆ ಮೂವರೂ ಹೊರಟೆವು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬಾಗಿಲ ಮುಂದೆ ಮೇಡಂ ಕಾಲು ಕಿತ್ತಿಡಲಾಗದೆ ನಿಂತುಬಿಟ್ಟರು, ನೆಲವೇ ಹಿಡಿದುಕೊಂಡ ಹಾಗೆ. ಹಿಂದಿನವರು ನೂಕಿದರು. ಯಾರೋ ತೋಳು ಹಿಡಿದು ಎಳೆಯಲು ಬಂದರು.

"ಎಳೀಬ್ಯಾಡ್ರಿ, ಬೀಳ್ತೀನಿ! ನಿನ್ನ ಛತ್ರಿ ನನ್ನ ಕಾಲಮುಂದ ಅಡ್ಡ ಇಡವಾ," ಎಂದು ನನಗೆ ಹೇಳಿದರು.

ಕಂಡಕ್ಟರ್ ಸೀಟಿ ಊದಿದ. ಆಗ ಆಯಿ, ನಾಲ್ಕು ಜನರೆದುರು ದನಿ ಎತ್ತದ ನನ್ನ ಆಯಿ, ಫುಟ್‌ಬೋರ್ಡಿನ ಮೇಲೆ ಅಡ್ಡ ನಿಂತು ಕೂಗಿದಳು: "ನಿಲ್ಸಿ! ಹತ್ತುತಾ ಇದ್ದಾರೆ, ಕಾಣೂದಿಲ್ವಾ?"

ಬಸ್ಸು ನಿಂತಿತು. ಮೇಡಂ ಛತ್ರಿಯನ್ನು ದಾಟಿ, ಮೆಟ್ಟಿಲು ಹತ್ತಿ ಕೂತರು. ದಾಟಲು ಏನಾದರೂ ಕಣ್ಣಿಗೆ ಕಂಡರೆ ಮಿದುಳು ಬೇರೆ ದಾರಿಯಿಂದ ಹೆಜ್ಜೆ ಎತ್ತಿಸುತ್ತದೆ ಎಂದು, ಉಸಿರು ಇನ್ನೂ ಏರಿಳಿಯುತ್ತಿರುವಾಗಲೇ, ಆಯಿಗೆ ಪಾಠ ಶುರುಮಾಡಿದರು.

ಆಯಿಗೂ ಅದೇ ಕಾಯಿಲೆ ಎಂದರು ಡಾಕ್ಟರು. ಗುಳಿಗೆ ಶುರುವಾಗಿ ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ದೋಸೆ ಹೊಯ್ಯುತ್ತಾ ಆಯಿ ನನ್ನ ಯಾವುದೋ ಮಾತಿಗೆ ನಕ್ಕಳು. ಪೂರ್ತಿ ನಗೆಯಲ್ಲ, ಆದರೆ ಮುಖದ ತುಂಬ ಕಂಡಿತು. ನಾನು ಕಾಲೇಜಿಗೆ ಓಡಿದೆ, ಮೇಡಂಗೆ ಹೇಳಲು.

ಅವರು ನಿವೃತ್ತಿಯ ದಿನದವರೆಗೂ ಪಾಠ ಮಾಡಿದರು. ಬೋರ್ಡಿನಲ್ಲಿ ಬರೆಯಲಾಗದಾದಾಗ ನಮ್ಮ ನಂತರದ ಮಕ್ಕಳು ಸರದಿಯ ಮೇಲೆ ಬರೆದರಂತೆ, ಅವರು ಹೇಳುತ್ತಾ ಹೋದರಂತೆ. ಕೊನೆಕೊನೆಗೆ ಗುಳಿಗೆಯ ಬಲ ಬೇಗ ಇಳಿಯುತ್ತಿತ್ತು. ದನಿ ಪಿಸುಮಾತಾಯಿತು. ಫೋನಿನಲ್ಲಿ ಆಯಿಗೆ ಮಾತ್ರ ಅದು ತಿಳಿಯುತ್ತಿತ್ತು. "ಗುಳಿಗಿ ಊಟದ ಜೋಡಿ ತಗೋಬ್ಯಾಡ್ರಿ" ಎಂದು ಅದೇ ಪಿಸುದನಿಯಲ್ಲಿ ಗದರುತ್ತಿದ್ದರು. ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಆಯಿಯನ್ನು ಕರೆದುಕೊಂಡು ಹೋಗಿದ್ದೆ. ವೇದಿಕೆಯಲ್ಲಿದ್ದ ಹಿರಿಯರೊಬ್ಬರು, ಮೇಡಂ ತಮ್ಮ ನೋವನ್ನು ಯಾರಿಗೂ ತೋರಗೊಡದೆ ಮೌನವಾಗಿ ಸಹಿಸಿದರು ಎಂದರು. ಪಕ್ಕದ ಕುರ್ಚಿ ಕಿರುಗುಟ್ಟಿತು. ಆಯಿ ಎದುರಿನ ಕುರ್ಚಿಯ ಬೆನ್ನನ್ನು ಹಿಡಿದು, ಒಮ್ಮೆ ಕುಸಿದು, ಮತ್ತೆ ಪ್ರಯತ್ನಿಸಿ ಎದ್ದಳು. ಈಗ ಅವಳ ಕೈಯೂ ನಡುಗುತ್ತದೆ. ಅದನ್ನು ಸೆರಗಿನಲ್ಲಿ ಮುಚ್ಚಲಿಲ್ಲ.

"ಸುಮ್ಮನೆ ಸಹಿಸಿದ್ದಲ್ಲ ಅವ್ರು," ಎಂದಳು. ಸಭೆ ತಿರುಗಿ ನೋಡಿತು. "ಎಲ್ಲರ ಎದುರು ಕೂಗಿ ಹೇಳಿದ್ರು. ಅವ್ರು ಕೂಗಿದ್ದಕ್ಕೇ ನಾನು ಇವತ್ತು ಇಲ್ಲಿ ಎದ್ದು ನಿಂತಿದ್ದು."