ದಾನವ್ವನ ಸಾಸಿವೆ ಅಳತೆ

ದಾನವ್ವ ಯಾರ ಮಾತನ್ನೂ ಸುಮ್ಮನೆ ನುಂಗಿದವಳಲ್ಲ. ನನ್ನ ಮಾತನ್ನಂತೂ ಒಮ್ಮೆಯೂ ನುಂಗಲಿಲ್ಲ. ಆ ಸಿಟ್ಟು ನನಗೆ ಬಹಳ ದಿನ ಇತ್ತು. ಇಷ್ಟು ವರ್ಷದ ಮೇಲೆ ಅವಳ ಬಗ್ಗೆ ಬರೆಯಲು ಕೂತಿರುವುದೂ ಆ ಸಿಟ್ಟು ನ್ಯಾಯದ್ದಲ್ಲ ಎಂದು ಗೊತ್ತಿರುವುದಕ್ಕೇ.

ಘಾಟ್ಕೋಪರ್ ಸ್ಟೇಷನ್ನಿನ ಪಶ್ಚಿಮಕ್ಕೆ ಸಿದ್ದರಾಮಪ್ಪನವರ ವರ್ಕ್‌ಶಾಪ್. ವಿಜಾಪುರದ ಕಾಳಿನ ವ್ಯಾಪಾರಿಯ ಮಗ ಅವರು. ಮುಂಬಯಿಗೆ ಬಂದು ಮೂರು ಟ್ಯಾಕ್ಸಿಯನ್ನೂ ಇಟ್ಟಿದ್ದರು. ನಾನು ನಿಂಗಣ್ಣ, ಅಲ್ಲಿಯ ಮಿಸ್ತ್ರಿ. ದಾನವ್ವ ಧಾರಾವಿಯಿಂದ ಬಂದು, ಬಿಚ್ಚಿದ ಇಂಜಿನ್ನುಗಳ ಮಸಿ ಕೆರೆಯುತ್ತಿದ್ದಳು. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಮುರಿದ ಗರಗಸದ ತುಂಡು. ಒಂಬತ್ತು ವರ್ಷ ನೆಲದ ಮೇಲೆ ಕೂತೇ ಕೆರೆದಳು. ಅವಳಿಗೊಂದು ಸ್ಟೂಲ್ ಕೊಡಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಭಾಗವೇ ಹೆಡ್. ಮಗುಚಿದರೆ ಅದರಲ್ಲಿ ನಾಲ್ಕು ಕುಳಿ. ಪೆಟ್ರೋಲು ಗಾಳಿಯ ಜೊತೆ ಅಲ್ಲಿ ಒತ್ತಿಕೊಂಡು, ಪ್ಲಗ್ಗಿನ ಕಿಡಿಗೆ ಉರಿಯುತ್ತದೆ. ಕುಳಿ ಚಿಕ್ಕದಾದಷ್ಟೂ ಒತ್ತಡ ಹೆಚ್ಚು; ಅಷ್ಟೇ ಪೆಟ್ರೋಲಿಗೆ ಗಾಡಿ ಇನ್ನಷ್ಟು ದೂರ ಓಡುತ್ತದೆ. ತೀರಾ ಚಿಕ್ಕದಾದರೆ ಮಾತ್ರ ಪೆಟ್ರೋಲು ಕಿಡಿಯ ಮಾತು ಕೇಳದೆ ತಾನೇ ಸಿಡಿಯುತ್ತದೆ. ಇಂಜಿನ್ ಕಟಕಟ ಎನ್ನುತ್ತದೆ, ಕಡೆಗೆ ಪಿಸ್ಟನ್ ತೂತಾಗುತ್ತದೆ. ಎಪ್ಪತ್ನಾಲ್ಕರಲ್ಲಿ ಪೆಟ್ರೋಲು ತುಟ್ಟಿಯಾದದ್ದೇ ತಡ, ಟ್ಯಾಕ್ಸಿಯವರೆಲ್ಲ ಕುಳಿ ಚಿಕ್ಕದಾಗಲೆಂದು ಹೆಡ್ಡಿನ ಮೈ ಹೆರೆಸಲು ಸಾಲುಗಟ್ಟಿದರು. ಹೆರೆಯುವವನು ನಾನು. ಆಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಸಿದ್ದರಾಮಪ್ಪನವರ ಒಂದು ಟ್ಯಾಕ್ಸಿ ಓಡಿಸುತ್ತಿದ್ದವನು ಚೆಂಬೂರಿನ ದೂಜ, ಮಂಗಳೂರು ಕಡೆಯವನು. ಅವನ ಗಾಡಿಯ ಹೆಡ್ ಹೆರೆದುಕೊಟ್ಟ ಹತ್ತೇ ದಿನಕ್ಕೆ ಗಾಡಿ ಕಟಕಟ ಎನ್ನುತ್ತ ವಾಪಸ್ ಬಂತು. ಬಿಚ್ಚಿದರೆ ನಾಲ್ಕನೆಯ ಪಿಸ್ಟನ್ ತೂತು.

"ಪೆಟ್ರೋಲಿಗೆ ಸೀಮೆಎಣ್ಣಿ ಬೆರಸ್ಯಾನ್ರಿ," ಎಂದೆ. ಆಗ ಬಹಳ ಜನ ಬೆರೆಸುತ್ತಿದ್ದರು, ಹೇಳುವುದು ಸುಲಭವಿತ್ತು.

"ದೇವರಾಣೆ ನಾನು ಬೆರೆಸಿಲ್ಲ ಮಾರಾಯ್ರೆ," ಎಂದ ದೂಜ.

ಸಿದ್ದರಾಮಪ್ಪನವರು ಕೈ ಚಾಚಿದರು. "ಚಾವಿ ಕೊಡು. ನಾಳಿಂದ ಬರಬ್ಯಾಡ."

ದೂಜ ಚಾವಿಯನ್ನು ಜೇಬಿನಿಂದ ತೆಗೆಯುತ್ತಿದ್ದಾಗ ಮೂಲೆಯಿಂದ ದಾನವ್ವ ಎದ್ದು ಬಂದಳು. ಹೆಡ್ಡಿನ ಕುಳಿಗಳ ಮೇಲೆ ಬೆರಳಾಡಿಸಿದಳು.

"ಸಾವ್ಕಾರ್ರ, ಸೀಮೆಎಣ್ಣಿ ಬೆರಸಿದ್ರ ನಾಕೂ ಕುಳಿ ಅದನ್ನ ಕುಡೀತಾವ. ಟಾಕಿ ಒಂದ ಅಲ್ಲೇನ್ರಿ? ಉಳದ ಮೂರರಾಗ ಕಂದು ಮಸಿ ಐತಿ. ಇದೊಂದ ಯಾಕ ಬೆಳ್ಳಗ ಸುಟ್ಟತಿ?"

"ನೀ ಮಸಿ ಕೆರಿ ಹೋಗು," ಎಂದೆ.

"ಮಸಿ ಕೆರದ ಹೇಳಾಕತ್ತೀನಿ. ಈ ಕುಳಿ ಸಣ್ಣದೈತಿ. ನೀ ಹೆಡ್ ಓರೆ ಹೆರದೀ, ನಿಂಗಣ್ಣ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಣ್ಣು ತಾನಾಗಿ ಹೆರೆಯುವ ಮಷೀನಿನ ಹಾಸಿನ ಕಡೆ ಹೋಯಿತು. ಹೆಡ್ ಇಡುವ ಮುಂಚೆ ಹಾಸಿನ ಮೇಲಿನ ಲೋಹದ ಚೂರುಗಳನ್ನು ಒರೆಸಬೇಕು. ಒಂದು ಚೂರು ಅಡಿಗೆ ಸಿಕ್ಕರೂ ಹೆಡ್ ಓರೆ ಕೂರುತ್ತದೆ. ಗಿರಾಕಿ ಹೆಚ್ಚಿದ್ದ ಆ ದಿನಗಳಲ್ಲಿ ನಾನು ಒರೆಸುತ್ತಿರಲಿಲ್ಲ.

"ಸುಳ್ಳಾದ್ರ?" ಎಂದರು ಸಿದ್ದರಾಮಪ್ಪನವರು.

"ಸುಳ್ಳಾದ್ರ ನಾನೂ ದೂಜನ ಹಿಂದ ಹೊಂಟೆ."

ಎದುರಿನ ಕಿರಾಣಿ ಅಂಗಡಿಯಿಂದ ಎರಡು ಹಿಡಿ ಸಾಸಿವೆ ತಂದಳು. ಹೆಡ್ಡನ್ನು ಒರೆಸಿ, ಪ್ಲಗ್ ಹಾಕಿಸಿ, ಮಗುಚಿ ಇಡಿಸಿದಳು. ಔಷಧಿ ಬಾಟಲಿಯ ಮುಚ್ಚಳದಲ್ಲಿ ಸಾಸಿವೆ ತುಂಬಿ ಮೊದಲ ಕುಳಿಗೆ ಸುರಿದಳು.

"ಲಾಭ," ಎಂದಳು. "ಎರಡು. ಮೂರು."

ನಾನು ಜೋರಾಗಿ ನಕ್ಕೆ. "ಸಂತ್ಯಾಗ ಜ್ವಾಳ ಅಳ್ಯಾಕ ಕುಂತೀ ಏನ?"

ನಕ್ಕವನು ನಾನೊಬ್ಬನೇ. ಸಿದ್ದರಾಮಪ್ಪನವರು ಚಪ್ಪಲಿ ಬಿಟ್ಟು ಹತ್ತಿರ ಬಂದು ನಿಂತರು. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಹಾಗೆ ಎಣಿಕೆ ಶುರುವಾದ ಮೇಲೆ ನಡುವೆ ಬಾಯಿ ಹಾಕಬಾರದು, ಅಳೆಯುವವರು ಸುಳ್ಳು ಅಳೆಯಬಾರದು. ಅಪ್ಪನ ಅಂಗಡಿಯಲ್ಲಿ ಬೆಳೆದ ಆ ಮನುಷ್ಯನಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ.

"ನಿಂಗಣ್ಣ, ಬಾಯಿ ಮುಚ್ಚು," ಎಂದರು.

ದಾನವ್ವ ನನ್ನದೇ ಉಕ್ಕಿನ ಸ್ಕೇಲ್ ಕಸಿದುಕೊಂಡು ಕುಳಿಯ ಬಾಯಿ ಸಮ ಮಾಡಿದಳು. ಮೊದಲ ಕುಳಿಗೆ ಹನ್ನೊಂದು ಮುಚ್ಚಳ. ಎರಡನೆಯದಕ್ಕೆ ಹನ್ನೊಂದಕ್ಕೆ ಸ್ವಲ್ಪ ಕಡಿಮೆ. ಮೂರನೆಯದಕ್ಕೆ ಇನ್ನೂ ಕಡಿಮೆ. ನಾಲ್ಕನೆಯದು ಹತ್ತಕ್ಕೇ ತುಂಬಿತು. ಮೆಟ್ಟಿಲು ಇಳಿದಂತೆ ಇಳಿದಿತ್ತು. ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ಹೆರೆದವನು ನಾನೇ.

ಸಿದ್ದರಾಮಪ್ಪನವರು ಚಪ್ಪಲಿ ಮೆಟ್ಟಿಕೊಂಡರು. "ದೂಜಾ, ಚಾವಿ ಇಟ್ಕೋ. ಬೇರೆ ಹೆಡ್ ಹಾಕಸ್ತೀನಿ. ದಾನವ್ವ, ಕೆಲಸಕ್ಕ ಹೋಗು."

ಅವಳು ಹೋಗಲಿಲ್ಲ.

"ದೂಜಗ ಕಳ್ಳ ಅಂದಿದ್ದು ಎಲ್ಲಾರ ಮುಂದ. ತಪ್ಪು ನಂದು ಅಂತ ನಿಂಗಣ್ಣ ಅನ್ನೂದೂ ಎಲ್ಲಾರ ಮುಂದ ಆಗ್ಲಿ. ಅಲ್ಲೀತನ ನಾ ಗರಗಸ ಮುಟ್ಟಂಗಿಲ್ಲ."

ಸಾವಕಾರರು ಗದರಿಸಿದರು, ಅವಳು ಕದಲಲಿಲ್ಲ. ಕೊನೆಗೆ ನಾನೇ ದೂಜನ ಮುಂದೆ ನಿಂತು, ಓರೆ ಹೆರೆದವನು ನಾನು, ನಿನ್ನದೇನೂ ತಪ್ಪಿಲ್ಲ ಎಂದೆ. ಗಂಟಲಿಂದ ಅದನ್ನು ಹೊರಗೆ ತರುವುದಕ್ಕಿಂತ ಆ ಹೆಡ್ಡನ್ನು ಹಲ್ಲಿನಲ್ಲಿ ಹೆರೆಯುವುದೇ ಸುಲಭವಿತ್ತು.

ಅಂದಿನಿಂದ ವರ್ಕ್‌ಶಾಪ್ ಮುಚ್ಚಿದ ಎಪ್ಪತ್ತೊಂಬತ್ತರವರೆಗೂ, ದಾನವ್ವನ ಸಾಸಿವೆ ಕಾಣದ ಒಂದು ಹೆಡ್ಡೂ ಅಲ್ಲಿಂದ ಹೊರಬೀಳಲಿಲ್ಲ. ಸ್ಟೂಲನ್ನು ಅವಳು ಕೇಳಲಿಲ್ಲ, ನನ್ನದನ್ನೇ ಎಳೆದುಕೊಂಡು ಕೂತಳು. ಅವಳು ಸುರಿಯಬೇಕು, ನಾನು ನಿಂತು ಎಣಿಸಬೇಕು. ಮೊದಮೊದಲು ನಾನು ಹಟಕ್ಕೆ ಒಂದು ಎನ್ನುತ್ತಿದ್ದೆ. ಅವಳು ಸಾಸಿವೆಯನ್ನು ಕುಳಿಯಿಂದ ಬಳಿದು ವಾಪಸ್ ತೆಗೆದು, ಮುಚ್ಚಳ ತುಂಬಿಕೊಂಡು ನನ್ನ ಮುಖ ನೋಡುತ್ತ ಕಾಯುತ್ತಿದ್ದಳು. ನಾನು ಲಾಭ ಎಂದ ಮೇಲೆಯೇ ಸುರಿಯುತ್ತಿದ್ದಳು.