ಶೀತರಕ್ತ ಎಂಬ ಬಿರುದು

ಸಾಂಫ್ರ್ವಾ ಎಂಬ ಪದವನ್ನು ನನಗೆ ಕಲಿಸಿದ್ದು ಕಾನ್ವೆಂಟಿನ ಸಿಸ್ಟರುಗಳಲ್ಲ. ಅವರದು ಬರೀ ಪಾಯ್ಸ್, ಮೈ ಅಲುಗದ ಠೀವಿ. ತಲೆಯ ಮೇಲೆ ಪುಸ್ತಕ ಇಟ್ಟು ವರಾಂಡದಲ್ಲಿ ನಡೆಸುತ್ತಿದ್ದರು. ಬಿದ್ದರೆ ಮೊದಲಿನಿಂದ ಶುರು. ಫ್ರೆಂಚ್ ಪದ ಸಿಕ್ಕಿದ್ದು ನಾನು ಟೀಚರಾದ ಮೇಲೆ, ಪುತ್ತೂರಿನ ಹೈಸ್ಕೂಲಿನಲ್ಲಿ, ನಮ್ಮ ಹೆಡ್‌ಮಿಸ್ಟ್ರೆಸ್ಸಿನ ಬಾಯಿಂದ.

ಅಂದು ಇನ್ಸ್‌ಪೆಕ್ಷನ್. ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಪಾಠ ಮಾಡಿ ತೋರಿಸಬೇಕಾದವಳು ನಾನು. ಚೆನ್ನಾಗಿಯೇ ಮಾಡಿದೆ, ಮಕ್ಕಳನ್ನು ನಗಿಸಿದೆ ಕೂಡ. ಸಾಯಂಕಾಲ ಸಾಹೇಬರ ಜೀಪು ಗೇಟು ದಾಟಿದ ಮೇಲೆ ಹೆಡ್‌ಮಿಸ್ಟ್ರೆಸ್ ಡ್ರಾಯರಿನಿಂದ ಒಂದು ಚೀಟಿ ತೆಗೆದರು.

“ಅರಂತೋಡಿನ ನಿನ್ನ ಮನೆಯಿಂದ ಬೆಳಿಗ್ಗೆ ಫೋನ್ ಬಂದಿತ್ತು. ನಿನ್ನ ತಂದೆಗೆ ಸೀರಿಯಸ್ ಅಂತೆ. ಆಗಲೇ ಹೇಳಿದ್ರೆ ನಿನ್ನಿಂದ ಪಾಠ ಆಗ್ತಿತ್ತಾ? ಇಂಥದ್ದಕ್ಕೆಲ್ಲ ಸಾಂಫ್ರ್ವಾ ಬೇಕು, ಮೈ ಡಿಯರ್.”

ಸುಳ್ಯಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಪ್ಪ ಮೂರು ಗಂಟೆಗೇ ಹೋಗಿದ್ದರು. ಅಲ್ಲಿಯವರೆಗೆ ರಸ್ತೆಯಲ್ಲಿ ಪ್ರತಿ ಬಸ್ಸು ನಿಂತಾಗಲೂ “ಬಂದಳಾ?” ಎಂದು ಕೇಳಿದರಂತೆ.

ಹದಿನೈದು ದಿನ ಕಳೆದು ಡ್ಯೂಟಿಗೆ ಬಂದವಳು ಮೊದಲು ಮಾಡಿದ ಕೆಲಸ, ಲೈಬ್ರರಿಯ ದೊಡ್ಡ ಡಿಕ್ಷನರಿ ತೆರೆದದ್ದು. ಧೈರ್ಯಗೆಡದ ಸಮಚಿತ್ತ ಎಂಬ ಅರ್ಥವಿತ್ತು. ಮೂಲ ಫ್ರೆಂಚಿನಲ್ಲಿ ಮಾತ್ರ, ತಣ್ಣಗಿನ ರಕ್ತ. ವಿಚಿತ್ರ ನೋಡಿ: ಫ್ರೆಂಚಿನಲ್ಲಿ ಹೇಳಿದರೆ ಹೊಗಳಿಕೆ, ಅದನ್ನೇ ಇಂಗ್ಲಿಷಿನಲ್ಲಿ ‘ಇನ್ ಕೋಲ್ಡ್ ಬ್ಲಡ್’ ಎಂದರೆ ಕೊಲೆ. ಡಿಕ್ಷನರಿ ಮುಚ್ಚಿಟ್ಟೆ. ಮತ್ತೆ ಹತ್ತೊಂಬತ್ತು ವರ್ಷ ಅವರ ಕೈಕೆಳಗೆ ದುಡಿದೆ. ದಿನಾ ಗುಡ್ ಮಾರ್ನಿಂಗ್ ಹೇಳಿದೆ. ಒಂದು ದಿನವೂ ಕ್ಷಮಿಸಲಿಲ್ಲ.

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು.

“ಟೀಚರ್, ದೊಡ್ಡ ಟೀಚರಿಗೆ ತೊಂಬತ್ತಾಯ್ತಲ್ಲ, ನಾವೆಲ್ಲ ಸೇರಿ ಸನ್ಮಾನ ಮಾಡುದು. ಸನ್ಮಾನಪತ್ರ ನೀವೇ ಬರೆದು ಕೊಡ್ಬೇಕು. ನಮಗೆ ‘ಸರಳ ಸಜ್ಜನಿಕೆ’ಯಿಂದ ಮುಂದೆ ಹೋಗುದೇ ಇಲ್ಲ ಮಾರಾಯ್ರೆ.”

ಒಪ್ಪಿದೆ. ಶಿಸ್ತು, ಸೇವೆ, ಸಮಯಪಾಲನೆ ಎಲ್ಲವನ್ನೂ ಧಾರಾಳವಾಗಿ ಬರೆದೆ. ನಡುವೆ ಒಂದು ಸಾಲು: ‘ಎಂಥ ಸಂದರ್ಭದಲ್ಲೂ ಕದಡದ ಶೀತರಕ್ತ ತಮ್ಮದು.’

ಪ್ರಿಂಟಿಂಗ್ ಪ್ರೆಸ್ಸಿನವನು ಫೋನ್ ಮಾಡಿದ. “ಅಮ್ಮ, ಈ ಶೀತರಕ್ತ ಅಂದ್ರೆ ಎಂತ? ಕಪ್ಪೆಗೆ, ಹಲ್ಲಿಗೆಲ್ಲ ಹೇಳುದಲ್ವಾ ಅದು?”

“ಅದು ಫ್ರೆಂಚ್. ಹಾಗೇ ಹಾಕು.”

“ಫ್ರೆಂಚಾ? ಹಾಗಾದ್ರೆ ಬೋಲ್ಡ್ ಮಾಡ್ತೇನೆ.”

ಸಭೆಯಲ್ಲಿ ಪತ್ರವನ್ನು ಗಟ್ಟಿಯಾಗಿ ಓದಿದರು. ಪ್ರತಿ ಸಾಲಿಗೂ ಚಪ್ಪಾಳೆ, ಶೀತರಕ್ತಕ್ಕೂ. ವೇದಿಕೆಯ ಮೇಲೆ ಹಾರ, ಪೇಟ ಹಾಕಿಕೊಂಡು ಕುಳಿತವರ ಮುಖದಿಂದ ನಗು ಮಾತ್ರ ಆ ಸಾಲಿಗೆ ಇಳಿದುಹೋಯಿತು. ಅಷ್ಟು ಜನರಲ್ಲಿ ಅರ್ಥವಾದದ್ದು ಅವರೊಬ್ಬರಿಗೇ. ಕಾರ್ಯಕ್ರಮ ಮುಗಿದ ಮೇಲೆ ಸನ್ನೆ ಮಾಡಿ ನನ್ನನ್ನು ಕರೆದರು.

“ಬರೆದದ್ದು ನೀನಾ?”

“ಹೌದು ಮೇಡಂ. ಸಾಂಫ್ರ್ವಾ. ನೀವೇ ಹೇಳಿಕೊಟ್ಟದ್ದು.”

“ನಾನಾ? ಯಾವಾಗ?”

“ಇನ್ಸ್‌ಪೆಕ್ಷನಿನ ದಿನ. ನನ್ನ ಅಪ್ಪ ತೀರಿಹೋದ ದಿನ.”

ಅವರು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡರು. ಗಲ್ಲ ಅದುರುತ್ತಿತ್ತು. ಅದನ್ನು ನೋಡಲೆಂದೇ ನಾನು ಇಷ್ಟು ವರ್ಷ ಬದುಕಿದ್ದೆನೋ ಎನಿಸಿತು.

“ಸ್ಕೂಲಿಗಾಗಿ ಮಾಡಿದ್ದು ಅದು,” ಎಂದರು. “ಆ ಒಂದು ಪದ ತೆಗೆಸಿ ಕೊಡು. ಮನೆಯಲ್ಲಿ ಮೊಮ್ಮಕ್ಕಳು ಓದ್ತಾರೆ. ಪ್ಲೀಸ್.”

ನನಗೆ ಅವರು ಪ್ಲೀಸ್ ಹೇಳಿದ್ದು ಅದೇ ಮೊದಲು.

“ಫ್ರೇಮ್ ಹಾಕಿ ಆಗಿದೆಯಲ್ಲ ಮೇಡಂ,” ಎಂದೆ. ಜಾರಿದ್ದ ಶಾಲನ್ನು ಅವರ ಹೆಗಲಿಗೆ ಸರಿಯಾಗಿ ಹೊದೆಸಿ ಊಟದ ಹಾಲ್‌ಗೆ ಇಳಿದೆ. ಶುಗರ್ ಇದ್ದರೂ ಪಾಯಸ ಎರಡು ಸಲ ಹಾಕಿಸಿಕೊಂಡೆ.